ಗುಂಡು ಮದ್ದಿನ ಮೇಲೆ ಕೂತಿದೆಯಾ?

ನಳಿಕೆಯ ಬಾಯಿಂದ ಮದ್ದು ತುಂಬುವ ದೊಡ್ಡ ಕ್ಯಾಲಿಬರ್ ರೈಫಲ್ ಕಲಿಯುವ ಬಗ್ಗೆ ಲೇಖನ ಚೆನ್ನಾಗಿ ಬರೆದಿದ್ದೀರಿ. ಆದರೆ ಹೊಸಬರು ಮೊದಲ ದಿನವೇ ಮದ್ದಿನ ಪೂರ್ತಿ ಅಳತೆ ಹಾಕಬಹುದು ಅಂದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಉದಾಹರಣೆಗೆ .58 ಕ್ಯಾಲಿಬರ್ ಅಂದರೆ ನಳಿಕೆಯ ಒಳ ಅಗಲ ಸುಮಾರು 14.7 ಮಿ.ಮೀ. ಹೊಡೆದಾಗ ಭುಜಕ್ಕೆ ಬೀಳುವ ಅದರ ಒದೆತಕ್ಕೆ ಒಮ್ಮೆ ಹೆದರಿದರೆ ಗುರಿ ಹಿಡಿಯುವ ಕೈ ಎಷ್ಟೋ ದಿನ ನಿಲ್ಲುವುದಿಲ್ಲ. ತಯಾರಕರು ಹೇಳಿದ ಅತಿ ಕಡಿಮೆ ಅಳತೆಯಿಂದಲೇ ಶುರುವಾಗಲಿ. ಕರಿಮದ್ದು ಬಿಟ್ಟು ಈಗಿನ ಹೊಗೆಯಿಲ್ಲದ ಮದ್ದನ್ನಂತೂ ಹಾಕಲೇಬಾರದು.

ಆಳಂದದ ಕಡೆ ನಮ್ಮ ಮುತ್ಯಾನ ಹತ್ತಿರ ಲೈಸೆನ್ಸ್ ಇದ್ದ ಕೇಪಿನ (ಬಡಿದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿಯ) ಬಂದೂಕು ಇತ್ತು. ತೊಗರಿ ಹೊಲಕ್ಕೆ ಬರುವ ಹಂದಿ ಹೆದರಿಸಲು. ಗುಂಡು ತಳ್ಳುವ ಸಲಾಕೆಯ ಮೇಲೆ ಮುತ್ಯಾ ಚಾಕುವಿನಿಂದ ಒಂದು ಗೀರು ಹಾಕಿದ್ದರು. ಗುಂಡು ತಳ್ಳಿದ ಮೇಲೆ ಆ ಗೀರು ನಳಿಕೆಯ ಬಾಯಿಗೆ ಸರಿಯಾಗಿ ಬರಬೇಕು. ಮೇಲೆಯೇ ಉಳಿದರೆ ಮದ್ದಿಗೂ ಗುಂಡಿಗೂ ನಡುವೆ ಜಾಗ ಇದೆ ಅಂತ ಅರ್ಥ. ಹಾಗೇ ಹೊಡೆದರೆ ನಳಿಕೆ ಉಬ್ಬಬಹುದು, ಸೀಳಲೂಬಹುದು. ಮದ್ದಿನ ಅಳತೆ ಬದಲಾದರೆ ಗೀರೂ ಬೇರೆ ಹಾಕಬೇಕು.

ಕೇಪು ಸಿಡಿದರೂ ಗುಂಡು ಹಾರಲಿಲ್ಲವೇ? ನಳಿಕೆ ಗುರಿಯ ಕಡೆಗೇ ಇರಲಿ, ಕಡಿಮೆ ಅಂದರೂ ಒಂದು ನಿಮಿಷ ಕಾಯಿರಿ.

ತೊಳೆಯುವುದಕ್ಕೆ ಒಂದೇ ಸಾಲು ಕೊಟ್ಟಿದ್ದೀರಿ, ಅದು ಸಾಲದು. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಸುಮ್ನೆ ಬಿಟ್ಟರೂ ಸಾಕು, ತುಕ್ಕು ಶುರು. ಮುತ್ಯಾ ಬಿಸಿನೀರು ಹಾಕಿ ತೊಳೆದು, ಒಣ ಬಟ್ಟೆ ಆಡಿಸಿ, ಎಣ್ಣೆ ಹಚ್ಚಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದರು.

ಇನ್ನೊಂದು ಮಾತು. ಹಳೇ ಕಾಲದ ಬಂದೂಕು ಅಲ್ವಾ ಅಂತ ಯಾರೂ ಸುಮ್ಮನಿರಬೇಡಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಇದಕ್ಕೂ ಲೈಸೆನ್ಸ್ ಬೇಕು.