ಹಾಲು ಕಟ್ಕೊಂಡಾಗ ಬರೀ ಬಿಸಿ ಶಾಖ ಸಾಕಾಗಲ್ಲ

ಲೇಖನದಲ್ಲಿ ಬಾಣಂತಿಗೆ ಹಾಲು ಕಟ್ಕೊಂಡ್ರೆ ಬಿಸಿ ಶಾಖ ಕೊಡಿ, ಚೆನ್ನಾಗಿ ತಿಕ್ಕಿ ಅಂತ ಬರೆದಿದೀರಲ್ಲ, ಅದನ್ನೇ ಮಾಡಿ ಅನುಭವಿಸಿದವಳು ನಾನು. ಹೆರಿಗೆ ಆಗಿ ಮೂರನೇ ದಿನ ರಾತ್ರಿ ಎದೆ ಕಲ್ಲಿನ ಥರ ಆಗಿ, ಕಂಕುಳ ತನಕ ಗಂಟು, ಸೆರಗು ತಾಗಿದ್ರೂ ಜೀವ ಹೋಗೋದು, ಪಾಪು ಬೇರೆ ಬಾಯಿ ಹಾಕುತ್ತೆ ಜಾರುತ್ತೆ ಅಳುತ್ತೆ. ನಮ್ಮತ್ತೆ ಪಾಪ ಒಳ್ಳೇದಕ್ಕೇ ಹಂಡೆ ನೀರು ಹುಯ್ದು ಎಣ್ಣೆ ಹಾಕಿ ಗಟ್ಟಿಯಾಗಿ ಉಜ್ಜಿದ್ರು, ಬೆಳಗ್ಗೆ ಊತ ಇನ್ನೂ ಜಾಸ್ತಿ!

ಆಮೇಲೆ ನರ್ಸಮ್ಮ ಹೇಳಿಕೊಟ್ಟಿದ್ದು ಇಷ್ಟೇ, ಹಾಲು ಕುಡಿಸೋ ಮುಂಚೆ ತೊಟ್ಟಿನ ಸುತ್ತ ಇರೋ ಕಪ್ಪು ಭಾಗನ ಬೆರಳ ತುದಿಯಿಂದ ಒಂದು ನಿಮಿಷ ಮೆತ್ತಗೆ ಒಳಕ್ಕೆ ಒತ್ತಿ ಹಿಡಿ, ನಾಕು ಹನಿ ಕೈಯಲ್ಲೇ ಹಿಂಡು, ಅಲ್ಲಿ ಮೆತ್ತಗಾದ್ರೆ ಪಾಪು ತಾನೇ ಹಿಡ್ಕೊಳುತ್ತೆ ಅಂತ. ಹಿಡ್ಕೊಂತು ನೋಡಿ! ಕುಡಿಸಿದ ಮೇಲೆ ತಣ್ಣೀರು ಬಟ್ಟೆ, ಇಲ್ಲಾ ಫ್ರಿಜ್ಜಲ್ಲಿಟ್ಟ ಎಲೆಕೋಸಿನ ಎಲೆ (ಮನೇಲೆಲ್ಲ ನಕ್ಕರು, ನಗಲಿ ಬಿಡಿ). ಪಂಪ್ ಇದೆ ಅಂತ ಪೂರ್ತಿ ಖಾಲಿ ಮಾಡೋಕೆ ಹೋಗ್ಬೇಡಿ, ತೆಗೆದಷ್ಟೂ ಹಾಲು ಜಾಸ್ತಿ ಆಗುತ್ತೆ. ದಿನಕ್ಕೆ 8-12 ಸಲ, ರಾತ್ರಿನೂ ಸೇರಿ, ಪಾಪುಗೇ ಕುಡಿಸಿ.

ಜ್ವರ ಚಳಿ ಬಂದು ಎದೆ ಒಂದು ಕಡೆ ಕೆಂಪಾದ್ರೆ ಮಾತ್ರ ದೃಷ್ಟಿ ತೆಗೀತಾ ಕೂರದೆ ಡಾಕ್ಟರ್ ಹತ್ರ ಹೋಗಿ, ಆಗಲೂ ಹಾಲು ಕುಡಿಸೋದು ನಿಲ್ಲಿಸ್ಬೇಡಿ.