ಕಾರಿನ ಮಾಡಿಗೊಂದು ರಿಮೋಟು

ಕಾರವಾರದ ಕಡೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಇಂಥ ಊರಲ್ಲಿ ಟಾಪ್ ಬಿಚ್ಚುವ ಕಾರು ಇಟ್ಟುಕೊಂಡವರಿಗೆ, "ಎಂತದು ಮಾರಾಯಾ, ಅಷ್ಟು ದುಡ್ಡು ಕೊಟ್ಟು ಮಾಡಿಲ್ಲದ್ದು ತಂದ್ಯಾ?" ಎಂದು ಕೇಳುವವರು ಓಣಿಗೊಬ್ಬರು ಇದ್ದೇ ಇರುತ್ತಾರೆ. ಅವರ ಬಾಯಿ ಮುಚ್ಚಿಸಲಾಗದಿದ್ದರೂ ಟಾಪನ್ನಾದರೂ ಬೇಗ ಮುಚ್ಚೋಣ ಎಂದುಕೊಂಡವರು ಕೊನೆಗೆ ಬಂದು ನಿಲ್ಲುವುದು ಕೀಲಿಯ ಗುಂಡಿಯಿಂದಲೇ ಟಾಪ್ ಆಡಿಸುವ ರಿಮೋಟ್ ಮಾಡ್ಯೂಲ್ ಹತ್ತಿರ.

ಕಂಪನಿಯ ಸ್ವಿಚ್ ಮಹಾ ಹಠಮಾರಿ. ಟಾಪ್ ಪೂರ್ತಿ ಕೂರುವ ತನಕ ಬೆರಳು ಒತ್ತಿಯೇ ಇರಬೇಕು. ಬಿಟ್ಟರೆ ಅಲ್ಲೇ ಮುಷ್ಕರ. ಪೋರ್ಷೆ ಬಾಕ್ಸ್‌ಸ್ಟರ್ 986ರಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಟಾಪ್ ಮಿಸುಕುವುದೇ ಇಲ್ಲ. ನಂತರ ಬಂದ 987ರಲ್ಲಿ ಗಂಟೆಗೆ 50 ಕಿ.ಮೀ. ವೇಗದವರೆಗೂ ನಡೆಯುತ್ತದೆ. ಎರಡಕ್ಕೂ ಬೇಕಾಗುವುದು ಸುಮಾರು 12 ಸೆಕೆಂಡ್. ಸದಾಶಿವಗಡದ ಗುಡ್ಡ ದಾಟಿ ಬರುವ ಮಳೆಗೆ ಅಷ್ಟು ಪುರುಸೊತ್ತಿಲ್ಲ. ಕಾಳಿ ಸೇತುವೆಯ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು ನಿಂತರೆ ಹಿಂದಿನ ಲಾರಿಯವನಿಗೂ ಇಲ್ಲ.

ಮಾಡ್ಯೂಲ್ ಅಂದರೆ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ. ಟಾಪ್ ಕಂಟ್ರೋಲ್ ಯೂನಿಟ್ ಮತ್ತು ಅದರ ಕನೆಕ್ಟರ್ ನಡುವೆ ಕೂರುತ್ತದೆ. ಕಾರಿನ ಕ್ಯಾನ್ ಲೈನಿನಲ್ಲಿ, ಅಂದರೆ ಕಾರಿನ ಯೂನಿಟ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಜೋಡಿ ವಯರಿನಲ್ಲಿ, ಓಡುವ ಮಾಹಿತಿಯಿಂದ ವೇಗ ಎಷ್ಟು, ಕೀಲಿಯ ಯಾವ ಗುಂಡಿ ಎಷ್ಟು ಸಲ ಒತ್ತಿದ್ದಾರೆ ಎಂಬುದನ್ನು ಓದಿಕೊಂಡು, ನಿಮ್ಮ ಬೆರಳಿನ ಬದಲು ತಾನೇ ಸ್ವಿಚ್ ಒತ್ತಿ ಹಿಡಿದಂತೆ ನಟಿಸುತ್ತದೆ. ಅದರ ಕೆಲಸ ಅಷ್ಟೇ. ಕೈಯಿಂದ ಮಾಡಬೇಕಾದ್ದನ್ನು ಅದು ಮಾಡಲಾರದು. 986, 987 ಎರಡರಲ್ಲೂ ಮುಂಗಾಜಿನ ಮೇಲಿನ ಕೊಂಡಿಯನ್ನು ಕೈಯಲ್ಲೇ ಬಿಚ್ಚಬೇಕು, ಕೈಯಲ್ಲೇ ಹಾಕಬೇಕು. ಟ್ಯಾಗೋರ್ ಕಡಲತೀರದ ಕಟ್ಟೆಯ ಮೇಲೆ ಕುಳಿತು ನಾಲ್ಕು ಜನರೆದುರು ಠೀವಿಯಿಂದ ಗುಂಡಿ ಒತ್ತಿದರೆ ಟಾಪ್ ಬಂದು ಮುಚ್ಚೀತು. ಆಮೇಲೆ ಓಡಿಹೋಗಿ ಕೊಂಡಿ ಹಾಕುವುದು ನೀವೇ. ಠೀವಿ ಅಲ್ಲಿಗೆ ಮುಗಿಯಿತು.

ಆದರೆ ಮಾಡ್ಯೂಲ್‌ಗೆ ದುಡ್ಡು ಸುರಿಯುವ ಮೊದಲು ನೀರು ಹೋಗುವ ದಾರಿ ನೋಡಿ. ಟಾಪ್ ಮಡಚಿ ಕೂರುವ ಜಾಗದ ಮೂಲೆಗಳಲ್ಲಿ ಸಣ್ಣ ತೂತು, ಅಲ್ಲಿಂದ ಕೆಳಗೆ ರಬ್ಬರ್ ಪೈಪು. ಮಾವಿನ ಹೂವು, ಗಾಳಿಮರದ ಸೂಜಿ ಎಲೆ, ಧೂಳು ಎಲ್ಲ ಸೇರಿ ಒಂದೇ ಮಳೆಗಾಲದಲ್ಲಿ ಗಟ್ಟಿ ಬಿರಡೆ ತಯಾರು. ಬಿಎಂಡಬ್ಲ್ಯೂ ಜೀ4ನ ಮೊದಲ ತಲೆಮಾರಿನಲ್ಲಿ, ಅಂದರೆ ಇ85ರಲ್ಲಿ, ಟಾಪ್ ಎತ್ತುವ ಹೈಡ್ರಾಲಿಕ್ ಪಂಪಿನ ಮೋಟಾರು ಕೂತಿರುವುದೇ ಇಂಥ ಮೂಲೆಯ ಗುಂಡಿಯೊಳಗೆ. ತೂತು ಕಟ್ಟಿದರೆ ಮೋಟಾರಿಗೆ ಜಲಸಮಾಧಿ. 986ರಲ್ಲಿ ನೀರು ಒಳಗಿಳಿದು ಸೀಟಿನಡಿಯ ಇಮೊಬಿಲೈಸರ್ ಯೂನಿಟ್, ಅಂದರೆ ಕಾರಿನದೇ ಕೀಲಿಯೋ ಎಂದು ನೋಡಿ ಸ್ಟಾರ್ಟ್ ಆಗಲು ಬಿಡುವ ಡಬ್ಬಿ, ಮುಳುಗುತ್ತದೆ. ಆಮೇಲೆ ಟಾಪಿನ ಮಾತು ಬಿಡಿ, ಕಾರೇ ಸ್ಟಾರ್ಟ್ ಆಗುವುದಿಲ್ಲ. ತೂತು ಬಿಡಿಸಲು ತಂತಿ ಬೇಡ, ಪೈಪು ಹರಿದೀತು. ಕಂಪ್ರೆಸರ್ ಗಾಳಿಯೂ ಬೇಡ, ಒಳಗೆಲ್ಲೋ ಪೈಪಿನ ಜೋಡಣೆ ಕಳಚಿಕೊಂಡು ನೀರು ಮತ್ತೆ ಒಳಕ್ಕೇ ಬೀಳುತ್ತದೆ. ಶಿರಸಿ ಕಡೆ ಪ್ರತಿ ಅಡಿಕೆ ತೋಟದ ಮನೆಯಲ್ಲೂ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರ ಇರುತ್ತದಲ್ಲ, 2 ಮಿ.ಮೀ. ದಪ್ಪದ್ದು, ಅದೇ ಸರಿಯಾದ ಸಾಧನ. ಮೆಲ್ಲಗೆ ತೂರಿಸಿ, ಅರ್ಧ ಲೀಟರ್ ನೀರು ಹೊಯ್ದು, ಕಾರಿನಡಿ ಬಗ್ಗಿ ನೋಡಿ. ಹೊಯ್ದಷ್ಟೂ ಕೆಳಗೆ ಬಿದ್ದರೆ ಮಾತ್ರ ಮುಂದಿನ ಕೆಲಸ.

ಜೋಡಿಸುವಾಗ ಮೊದಲು ಗಾಜು ಇಳಿಸಿ, ಕೀಲಿ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಬೇಕು. 987ರಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಆ ಡಿಕ್ಕಿಯ ಲಾಕ್ ತೆರೆಯುವುದು ಬ್ಯಾಟರಿಯ ಕರೆಂಟಿನಲ್ಲಿ. ಬಿಚ್ಚಿದ ಮೇಲೆ ಶಿಸ್ತಾಗಿ ಡಿಕ್ಕಿ ಮುಚ್ಚಿದಿರೋ, ಆ ದಿನದ ಕೆಲಸವೇ ಬದಲಾಯಿತು. ಸೀಟು ಎತ್ತಬೇಕಾದ ಕಾರಾದರೆ ಅಡಿಯಲ್ಲಿ ಹಳದಿ ಕನೆಕ್ಟರ್ ಇರುತ್ತದೆ, ಅದು ಏರ್‌ಬ್ಯಾಗಿನದು. ಬ್ಯಾಟರಿ ಬಿಚ್ಚಿ ಹದಿನೈದು ನಿಮಿಷ ಚಾ ಕುಡಿದು ಬಂದು ಆಮೇಲೆ ಮುಟ್ಟಿ. ಅದು ಕಳಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿ ಕೂತುಬಿಡುತ್ತದೆ, ಗ್ಯಾರೇಜಿನ ಸ್ಕ್ಯಾನರ್ ಹಾಕದೆ ಆರುವುದಿಲ್ಲ.

ಕಾರಿನ ಮಾದರಿಗೆ ಸರಿಹೊಂದುವ ರೆಡಿ ಕನೆಕ್ಟರ್ ಇರುವ ಕಿಟ್ಟನ್ನೇ ತರಿಸಿ. ವಯರು ಕಚ್ಚಿ ಹಿಡಿಯುವ ಕ್ಲಿಪ್ ಹಾಕಿ ಮೇಲೊಂದು ಟೇಪು ಸುತ್ತಿ ಕೊಡುವವರು ಎಲ್ಲ ಕಡೆ ಸಿಗುತ್ತಾರೆ. ಕಡಲಿನ ಉಪ್ಪುಗಾಳಿಗೆ ಅದು ಹಬ್ಬದೂಟ: ತಾಮ್ರಕ್ಕೆ ಹಸಿರು ಕಿಲುಬು ಹಿಡಿದು, ಬಿಸಿಲಿದ್ದಾಗ ಕೆಲಸ ಮಾಡುವ ಟಾಪು ಮಳೆಯಲ್ಲಿ ಮಾತ್ರ ಕೈಕೊಡುತ್ತದೆ. ವಯರು ಸೇರಿಸಲೇಬೇಕಿದ್ದರೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್‌ಶ್ರಿಂಕ್ ಕೊಳವೆ ತೊಡಿಸಿ. ಕ್ಯಾನ್ ಲೈನಿನ ಎರಡು ವಯರುಗಳ ನಡುವೆ ಬ್ಯಾಟರಿ ಬಿಚ್ಚಿದಾಗ ಮೀಟರ್ 60 ಓಮ್ ಆಸುಪಾಸು ತೋರಿಸಬೇಕು. 120 ಕಂಡರೆ ಎಲ್ಲೋ ಒಂದು ಕಡೆ ಕಡಿದಿದೆ ಎಂದೇ ಅರ್ಥ. ಇನ್ನು ಕರಾವಳಿಯ ಸರ್ವರೋಗ ಮದ್ದಾದ ಕೊಬ್ಬರಿ ಎಣ್ಣೆಯನ್ನು ಟಾಪಿನ ರಬ್ಬರಿಗೆ ದಯವಿಟ್ಟು ಹಚ್ಚಬೇಡಿ. ಅಲ್ಲಿಗೆ ಸಿಲಿಕೋನ್ ಗ್ರೀಸೇ ಬೇಕು.

ಎಲ್ಲ ಸರಿಯಾಗಿ ಕೂತ ಮೇಲೆ ಶುರುವಾಗುವುದು ಅಸಲಿ ತಮಾಷೆ. ಗಟ್ಟಿ ಟಾಪಿನ ಕಾರುಗಳು, ಮರ್ಸಿಡಿಸ್ ಎಸ್‌ಎಲ್‌ಕೆ, ಜೀ4ನ ಎರಡನೇ ತಲೆಮಾರಿನ ಇ89, ಟಾಪನ್ನು ಮಡಚಿ ಡಿಕ್ಕಿಯೊಳಗೆ ಇಟ್ಟುಕೊಳ್ಳುತ್ತವೆ. ಅಲ್ಲಿ ಸಾಮಾನನ್ನೂ ಟಾಪಿನ ಜಾಗವನ್ನೂ ಬೇರ್ಪಡಿಸುವ ಪರದೆ ಕೊಕ್ಕೆಗೆ ಸಿಕ್ಕಿಸಿರದಿದ್ದರೆ ಟಾಪ್ ಅಲುಗುವುದಿಲ್ಲ. ಬೈತಖೋಲ ಬಂದರಿನಿಂದ ತಂದ ಬಂಗಡೆ ಬುಟ್ಟಿ ಪರದೆಗಿಂತ ಎರಡು ಬೆರಳು ಎತ್ತರವಿದ್ದರೂ ಸಾಕು, ಮಾಡ್ಯೂಲ್ ಕೆಟ್ಟಿತು ಎಂದು ಮಾರಿದವನಿಗೆ ಫೋನ್ ಹೋಗುತ್ತದೆ. ಇವು ಮಡಚುವಾಗ ಕಾರಿನ ಎತ್ತರಕ್ಕಿಂತ ಸಾಕಷ್ಟು ಮೇಲೆದ್ದು ಬರುತ್ತವೆ ಕೂಡ. ಘಟ್ಟದ ಮೇಲಿನ ಮನೆಯ ಅಂಗಳದಲ್ಲಿ ಚಪ್ಪರದಡಿ ನಿಲ್ಲಿಸಿ, ಜಗುಲಿಯಿಂದಲೇ ನೆಂಟರಿಗೆ ರಿಮೋಟ್ ತೋರಿಸಹೊರಟರೆ, ಡಿಕ್ಕಿ ಹಿಂದಕ್ಕೆ ವಾಲಿ, ಟಾಪ್ ಮೇಲೆದ್ದು ದಬ್ಬೆಗೆ ತಾಗಿ, ಚಪ್ಪರದ ಮೇಲೆ ಒಣಹಾಕಿದ್ದ ಅಡಿಕೆ ಬುಡಬುಡನೆ ಸೀಟಿಗೇ ಇಳಿಯುತ್ತದೆ. ಒಂದೆರಡು ಅಡಿಕೆ ಟಾಪಿನ ಕೀಲಿನ ಸಂದಿಗೆ ಬಿದ್ದರೆ ಅದನ್ನು ಹೆಕ್ಕದೆ ಮುಚ್ಚಲೇಬೇಡಿ. ಕಾರು ಕಣ್ಣಿಗೆ ಕಾಣದ ಕಡೆ ನಿಂತು ರಿಮೋಟ್ ಒತ್ತುವುದು ಶುದ್ಧ ಅವಿವೇಕ. ಬೆಚ್ಚಗಿರುವ ಸೀಟು ಊರ ಬೆಕ್ಕುಗಳಿಗೆಲ್ಲ ಗೊತ್ತು.

ಕಿಸೆಯಲ್ಲಿನ ಕೀಲಿ ಇನ್ನೊಂದು ಪೀಡೆ. ಚಿಲ್ಲರೆ, ಮೊಬೈಲು, ಸುಣ್ಣದ ಡಬ್ಬಿಯ ಜೊತೆ ಕೀಲಿಯೂ ಇದ್ದರೆ, ಪಂಕ್ತಿಯಲ್ಲಿ ಬಗ್ಗಿ ಕೂರುವಾಗ ಗುಂಡಿ ಒತ್ತಿ ಹೊರಗೆ ಸುರಿಯುವ ಮಳೆಯಲ್ಲಿ ಟಾಪ್ ತೆರೆದುಕೊಂಡೀತು. ರಿಮೋಟಿನಿಂದ ತೆರೆಯುವುದನ್ನೂ ಮುಚ್ಚುವುದನ್ನೂ ಬೇರೆಬೇರೆಯಾಗಿ ಹೊಂದಿಸಬಹುದಾದ ಮಾಡ್ಯೂಲ್ ಸಿಕ್ಕರೆ ಮುಚ್ಚುವುದನ್ನು ಮಾತ್ರ ಇಟ್ಟುಕೊಳ್ಳಿ. ಎಂಜಿನ್ ಓಡದೆ ಪದೇಪದೇ ಆಡಿಸಿದರೆ ಬ್ಯಾಟರಿ ಇಳಿದು ಟಾಪ್ ನಡುದಾರಿಯಲ್ಲೇ ನಿಲ್ಲುವುದೂ ಉಂಟು. ಅಂಥ ಹೊತ್ತಿಗೆ ಸೀಟಿನ ಹಿಂದೆ 12 x 9 ಅಡಿಯ ಒಂದು ಟಾರ್ಪಾಲು, ನಾಲ್ಕು ಮಾರು ಹಗ್ಗ ಇರಲಿ. ಅಂಕೋಲಾದಲ್ಲೂ ಸಿಗುತ್ತದೆ, ಕುಮಟಾದಲ್ಲೂ ಸಿಗುತ್ತದೆ. ಮಾಡ್ಯೂಲ್‌ನ ಹಾಗೆ ಹೊರದೇಶದಿಂದ ತರಿಸಬೇಕಾಗಿಲ್ಲ.