ಸ್ಪಷ್ಟನೆ: ಗುಳ್ಳೆ ನಿಂತ ಮಾತ್ರಕ್ಕೆ ಬಿಯರ್ ಬಾಟಲಿಗೆ ಸಿದ್ಧವಲ್ಲ

‘ಏರ್‌ಲಾಕ್‌ನಲ್ಲಿ (ಹುದುಗುವ ಪಾತ್ರೆಯಿಂದ ಅನಿಲ ಹೊರಬಿಡುವ ಕೊಳವೆ) ಗುಳ್ಳೆ ನಿಂತರೆ ಹುದುಗುವಿಕೆ ಮುಗಿಯಿತು, ಬಾಟಲಿಗೆ ತುಂಬಿ’ ಎಂಬ ಸಲಹೆ ಮನೆಯಲ್ಲೇ ಬಿಯರ್ ತಯಾರಿಸುವವರ ನಡುವೆ ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಬಕೆಟ್‌ನ ಮುಚ್ಚಳ ಸರಿಯಾಗಿ ಕೂರದಿದ್ದರೆ ಅನಿಲ ಅಂಚಿನಿಂದಲೇ ಸೋರಿಹೋಗುತ್ತದೆ, ಗುಳ್ಳೆ ಕಾಣುವುದೇ ಇಲ್ಲ. ಕೋಣೆ ತಣ್ಣಗಾದರೆ ಸಕ್ಕರೆಯನ್ನು ಹುದುಗಿಸುವ ಯೀಸ್ಟ್ ಅರ್ಧದಲ್ಲೇ ಮಂಕಾಗುತ್ತದೆ. ಬಿಸಿಯೇರಿದರೆ ಹುದುಗಿ ಮುಗಿದ ಬಿಯರ್ ಕೂಡ ಗುಳ್ಳೆ ಬಿಡುತ್ತದೆ!

ನಂಬಬೇಕಾದದ್ದು ಹೈಡ್ರೋಮೀಟರನ್ನು. ಇದು ನೀರಿಗೆ ಹೋಲಿಸಿ ಬಿಯರಿನ ಸಾಂದ್ರತೆ ಅಳೆಯುವ ಉಪಕರಣ; ಸಕ್ಕರೆ ಹುದುಗಿದಂತೆ ಅಂಕಿ ಇಳಿಯುತ್ತದೆ. 1.050ರಲ್ಲಿ ಶುರುವಾದ ಸಾಮಾನ್ಯ ಏಲ್ (ಒಂದು ಬಗೆಯ ಬಿಯರ್) 1.010–1.014ರ ಸುಮಾರಿಗೆ ಇಳಿದು, 2–3 ದಿನ ಬಿಟ್ಟು ನೋಡಿದಾಗಲೂ ಅಷ್ಟೇ ತೋರಿಸಬೇಕು. ಅಳೆದ ಮಾದರಿಯನ್ನು ಮರಳಿ ಸುರಿಯಬೇಡಿ. 1.020ರಲ್ಲೇ ನಿಂತಿದ್ದರೆ ಪಾತ್ರೆಯನ್ನು 20–21 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಮೆಲ್ಲಗೆ ಅಲುಗಿಸಿ ಕಾಯಿರಿ.

ಬಾಟಲಿಗೆ ತುಂಬುವಾಗ ನೊರೆಗಾಗಿ 19 ಲೀಟರಿಗೆ ಸುಮಾರು 110 ಗ್ರಾಂ ಸಕ್ಕರೆಯನ್ನು ನೀರಲ್ಲಿ ಕುದಿಸಿ ಬೆರೆಸಿದರೆ ಬಾಟಲಿಯಲ್ಲಿ ಬಿಯರಿನ ಗಾತ್ರದ 2.4 ಪಟ್ಟು ಅನಿಲ ಕರಗುತ್ತದೆ. ಹೈಡ್ರೋಮೀಟರಿನ ಅಂಕಿ ಇನ್ನೂ 0.004 ಇಳಿಯುವಷ್ಟು ಸಕ್ಕರೆ ಹುದುಗದೆ ಉಳಿದಿದ್ದರೂ ಆ ಅನಿಲ 4 ಪಟ್ಟು ದಾಟಬಹುದು. ಸಾಮಾನ್ಯ ಗಾಜು ಸಿಡಿದು ಕಣ್ಣಿಗೇ ಕುತ್ತು.

ಈ ವಿವರಣೆ ಅಮೆರಿಕದಂತೆ ಮನೆಬಳಕೆಗೆ ಬಿಯರ್ ತಯಾರಿಸಲು ಅನುಮತಿಯಿರುವ ದೇಶಗಳಲ್ಲಿರುವ ಕನ್ನಡಿಗರಿಗೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವುದು ಅಪರಾಧ.